ಬಿಸಿಲನ್ನರಸಿ ಹೊರಟ ಮನೆ

ಕಾರ್ತಿಕ ಮಾಸದ ಕಡೆಯ ಸೋಮವಾರ ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯಿತೆಂದರೆ, ಬೆಂಗಳೂರಿನ ದಕ್ಷಿಣ ಬಡಾವಣೆಗಳಲ್ಲಿ ಬೀರುವಿನ ಮೇಲಣ ಟ್ರಂಕುಗಳು ಕೆಳಗಿಳಿಯುತ್ತವೆ. ನುಸಿಗುಳಿಗೆಯ ವಾಸನೆಯೊಡನೆ ಶಾಲು, ಮಫ್ಲರು, ಮಂಗನ ಟೋಪಿಗಳು ಹೊರಬರುತ್ತವೆ. ಜಯನಗರ, ಬನಶಂಕರಿಗಳ ಉದ್ಯಾನಗಳಲ್ಲಿ ಆರು ಗಂಟೆಗೇ ತಿರುಗಾಡುತ್ತಿದ್ದ ಹಿರಿಯರು ಏಳೂವರೆಯ ಬಿಸಿಲನ್ನು ಕಾದು ಹೊರಡತೊಡಗುತ್ತಾರೆ. ದೆಹಲಿಯಿಂದ ಬಂದ ನೆಂಟ ಇದನ್ನು ಕಂಡು ನಗುತ್ತಾನೆ. ಟೊರಾಂಟೋದಿಂದ ಬಂದ ಮಗನಂತೂ ತೋಳಿಲ್ಲದ ಬನಿಯನ್ನಿನಲ್ಲಿ ಮಹಡಿಯ ಮೇಲೆ ನಿಂತು, “ಇದೂ ಒಂದು ಚಳಿಯೇ ಅಪ್ಪಾ?” ಎಂದು ಕೇಳುತ್ತಾನೆ. ಅಪ್ಪ ಉತ್ತರ ಕೊಡುವುದಿಲ್ಲ. ಮಫ್ಲರನ್ನು ಇನ್ನೊಂದು ಸುತ್ತು ಸುತ್ತಿಕೊಳ್ಳುತ್ತಾನೆ.

ಅಪ್ಪನ ಪಕ್ಷದಲ್ಲೂ ನ್ಯಾಯವಿಲ್ಲದಿಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದಲ್ಲಿದೆ. ೧೮೮೪ರ ಜನವರಿ ೧೩ರಂದು ಇಲ್ಲಿನ ಉಷ್ಣತೆ ೭.೮ ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ೧೯೬೭ರ ನವೆಂಬರ್ ೧೫ರಂದು ೯.೬ ಡಿಗ್ರಿ ಮುಟ್ಟಿತ್ತು. ಅಂಥ ದಿನಗಳು ಅಪರೂಪವೇ ಹೌದು. ಡಿಸೆಂಬರಿನ ಮುಂಜಾವಿನಲ್ಲಿ ಹದಿನಾರು ಡಿಗ್ರಿಯ ಸುಮಾರು ಇರುವುದು ವಾಡಿಕೆ. ಆದರೆ ಟೊರಾಂಟೋದ ಮನೆಯನ್ನು ಚಳಿಗಾಗಿಯೇ ಕಟ್ಟಿರುತ್ತಾರೆ. ಹೊರಗೆ ಹಿಮ ಸುರಿದರೂ ಒಳಗೆ ಬೆಚ್ಚಗಿರುತ್ತದೆ. ೧೯೪೮ರಲ್ಲಿ ಅಡಿಗಲ್ಲು ಬಿದ್ದು ಬೆಳೆದ ಜಯನಗರದ ಹಳೆಯ ಮನೆಗಳನ್ನು ಕಟ್ಟಿಸಿದವರಿಗೆ ಬೇಕಾಗಿದ್ದುದು ಗಾಳಿ, ಬೆಳಕು. ಕೆಂಪು ಗಾರೆಯ ನೆಲ, ಮೊಸಾಯಿಕ್ಕಿನ ನೆಲ, ಎತ್ತರದ ಗವಾಕ್ಷಿ, ಸರಳಿನ ಕಿಟಕಿ ಇವೆಲ್ಲ ಬೇಸಗೆಯ ಮಿತ್ರರು, ಮಾರ್ಗಶಿರದಲ್ಲಿ ಶತ್ರುಗಳಾಗುತ್ತವೆ. ಹೊರಗಿನ ಹದಿನಾರು ಡಿಗ್ರಿ ಒಳಗೂ ಬಂದು ಮನೆಯ ಸದಸ್ಯನಂತೆ ಕುಳಿತುಬಿಡುತ್ತದೆ. ಮಂಡಿನೋವಿನವರಿಗೂ ಉಬ್ಬಸದವರಿಗೂ ಈ ಅತಿಥಿಯ ಬೆಲೆ ಗೊತ್ತು.

ಚಳಿಯಾದಾಗ ಬೆಚ್ಚನೆಯ ಕಡೆಗೆ ಹೊರಡುವುದು ಪ್ರಾಣಿಸಹಜ ಧರ್ಮ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ವರ್ಷವೂ ನವೆಂಬರಿನ ಹೊತ್ತಿಗೆ ಪಟ್ಟೆತಲೆಯ ಹೆಬ್ಬಾತುಗಳು ಬಂದಿಳಿಯುತ್ತವೆ. ಮಧ್ಯ ಏಷ್ಯದ ಪ್ರಸ್ಥಭೂಮಿಗಳಿಂದ ಹೊರಟು, ಹಿಮಾಲಯವನ್ನು ಹಾರಿ ದಾಟಿ ಅವು ಬರುವುದು ಕರ್ನಾಟಕದ ‘ಬಿಸಿಲಿ’ಗಾಗಿ! ಉತ್ತರ ಅಮೆರಿಕದಲ್ಲಿಯೂ ಕೆನಡದ, ಉತ್ತರ ಸೀಮೆಯ ನಿವೃತ್ತರು ಹೇಮಂತದ ಸುಳಿವು ಹತ್ತಿದೊಡನೆ ದಕ್ಷಿಣದ ಫ್ಲೋರಿಡಾ, ಅರಿಜೋನಾಗಳಿಗೆ ಇಳಿಯುತ್ತಾರೆ. ಅವರಿಗೆ ‘ಹಿಮದ ಹಕ್ಕಿ’ಗಳೆಂದೇ ಹೆಸರು. ಅನೇಕರು ಮಂಚ, ಒಲೆ, ಸ್ನಾನದ ಕೊಠಡಿಗಳನ್ನೆಲ್ಲ ಒಳಗೊಂಡ ವಾಹನಗಳಲ್ಲಿಯೇ ಹೋಗುತ್ತಾರೆ. ಅರಿಜೋನಾದ ಕ್ವಾರ್ಟ್ಸ್‌ಸೈಟ್ ಎಂಬ ಚಿಕ್ಕ ಊರಿನಲ್ಲಿ ಚಳಿಗಾಲಕ್ಕೆ ಇಂಥ ಗಾಡಿಗಳು ಸಾವಿರಗಟ್ಟಲೆ ಸೇರಿ, ಮರಳುಗಾಡಿನಲ್ಲಿ ಒಂದು ಪಟ್ಟಣವೇ ಎದ್ದು ನಿಲ್ಲುತ್ತದೆ.

ಚಕ್ರದ ಮೇಲಿನ ಮನೆ ನಮ್ಮವರಿಗೇನೂ ಹೊಸದಲ್ಲ. ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಮೇಲೆ ಜಮಖಾನೆ ಹರಡಿ, ಪಾತ್ರೆ, ಅಕ್ಕಿ, ಬೇಳೆಗಳ ಗಂಟನ್ನು ಮೂಲೆಗೆ ತಳ್ಳಿ, ಹಿರಿಯರು ಜಾತ್ರೆಗೂ ತೀರ್ಥಯಾತ್ರೆಗೂ ಹೋಗುತ್ತಿದ್ದರು. ಕೆರೆಯ ಏರಿಯ ಬಳಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ ಅನ್ನ ಮಾಡುತ್ತಿದ್ದರು. ಇಂಗ್ಲೆಂಡಿನಲ್ಲಿ ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್ ಎಂಬಾತ ೧೮೮೫ರಲ್ಲಿ ಕುದುರೆಗಳು ಎಳೆಯುವ ಒಂದು ಮನೆಗಾಡಿಯನ್ನು ಮಾಡಿಸಿಕೊಂಡು ವಿಹಾರಕ್ಕೆ ಹೊರಟಾಗ ಅದು ದೊಡ್ಡ ಸುದ್ದಿಯಾಯಿತು. ಈಗ ನಮ್ಮಲ್ಲಿಯೂ ಅಂಥ ಕ್ಯಾಂಪರ್ ವ್ಯಾನುಗಳು ಬಾಡಿಗೆಗೆ ದೊರೆಯುತ್ತವೆ. ನೆರೆಯ ಕೇರಳವು ೨೦೨೧ರಲ್ಲಿ ಇವುಗಳಿಗಾಗಿಯೇ ಒಂದು ಪ್ರವಾಸ ಯೋಜನೆಯನ್ನು ಪ್ರಕಟಿಸಿತು.

ಜಯನಗರದ ಒಂದು ಸ್ನೇಹಿತರ ಗುಂಪನ್ನು ಓದುಗರು ಕಣ್ಣ ಮುಂದೆ ತಂದುಕೊಳ್ಳಲಿ. ಮೂವರು ಗಂಡಸರು, ಇಬ್ಬರು ಹೆಂಗಸರು. ಎಲ್ಲರೂ ಅರವತ್ತೈದರ ಆಚೆಯವರು. ಒಬ್ಬರು ಲೋಕೋಪಯೋಗಿ ಇಲಾಖೆಯಿಂದ ನಿವೃತ್ತರಾದ ಎಂಜಿನಿಯರು. ಇನ್ನೊಬ್ಬರು ಬ್ಯಾಂಕಿನ ಮ್ಯಾನೇಜರಾಗಿದ್ದವರು. ಮೂರನೆಯವರು ಪ್ರೌಢಶಾಲೆಯ ಮೇಷ್ಟ್ರು, ಅವರಿಗೆ ಉಬ್ಬಸ. ಮೇಷ್ಟ್ರ ಹೆಂಡತಿ ತೀರಿಕೊಂಡು ಎರಡು ವರ್ಷ. ಇಂಥ ಗುಂಪುಗಳು ಆ ಬಡಾವಣೆಯಲ್ಲಿ ಹತ್ತಾರಿವೆ. ಮಕ್ಕಳು ಹೊರದೇಶದಲ್ಲಿ, ಮನೆಯಲ್ಲಿ ಇಬ್ಬರು ಅಥವಾ ಒಬ್ಬರು, ಸಂಜೆಗೆ ಪಾರ್ಕಿನ ಕಲ್ಲುಬೆಂಚು.

ಯೋಜನೆ ಹುಟ್ಟಿದ್ದು ಎಂಜಿನಿಯರರ ತಲೆಯಲ್ಲಿ. ಐದು ದಿನಕ್ಕೆ ವ್ಯಾನು, ಚಾಲಕ. ಕರಾವಳಿಯ ತನಕ ಹೋಗಿಬರುವುದು. ಅವರು ಕಾಗದದ ಮೇಲೆ ನಕ್ಷೆಯನ್ನೇ ಬರೆದು ತಂದಿದ್ದರು. “ಸಾವಿರ ಮೀಟರ್ ಇಳಿದರೆ ಸರಾಸರಿ ಆರೂವರೆ ಡಿಗ್ರಿ ಶಾಖ ಏರುತ್ತೆ ಕಣ್ರೀ. ಮಂಗಳೂರಿನ ಮುಂಜಾವು ಇಲ್ಲಿಗಿಂತ ಆರು ಡಿಗ್ರಿ ಬೆಚ್ಚಗೆ. ಇದು ಲೆಕ್ಕ!” ಎಂದರು. ಬ್ಯಾಂಕಿನವರು ಖರ್ಚನ್ನು ಐದರಿಂದ ಭಾಗಿಸಿದರು. ಮೇಷ್ಟ್ರು ಮಾತ್ರ ತಲೆಯಲ್ಲಾಡಿಸಿದರು. “ನೀವು ಹೋಗಿಬನ್ನಿ. ರಾತ್ರಿ ನನ್ನ ಕೆಮ್ಮು ಶುರುವಾದರೆ ನಿಮಗಾರಿಗೂ ನಿದ್ದೆ ಇರೋದಿಲ್ಲ. ಅಷ್ಟು ಸಣ್ಣ ಜಾಗದಲ್ಲಿ ನಾನೊಂದು ಹೊರೆ.” ಯಾರ ಒತ್ತಾಯಕ್ಕೂ ಅವರು ಜಗ್ಗಲಿಲ್ಲ.

ಅಂದು ಸಂಜೆ ಎಂಜಿನಿಯರರ ಮನೆಯ ಹಜಾರದಲ್ಲಿ ವ್ಯಾನಿನ ಚಿತ್ರಗಳು ಮೇಜಿನ ಮೇಲೆ ಹರಡಿದ್ದವು. ಮಡಿಸುವ ಮಂಚ, ಪುಟ್ಟ ಫ್ರಿಜ್ಜು, ತೊಟ್ಟಿ, ಎರಡು ಉರಿಯ ಒಲೆ. ಮನೆಯಾಕೆ ಕಾಫಿಯ ತಟ್ಟೆಯನ್ನು ಕೆಳಗಿಟ್ಟು ಚಿತ್ರಗಳನ್ನು ಒಂದೊಂದಾಗಿ ನೋಡಿದರು.

“ಒಂದು ಮಾತು ಕೇಳ್ಲಾ? ಒಲೆ ಇದೆ ಅಂತೀರಿ, ಸಿಂಕು ಇದೆ ಅಂತೀರಿ. ಬೆಳಗ್ಗೆ ಐದಕ್ಕೆ ಎದ್ದು ಆ ಒಲೆ ಹಚ್ಚೋರು ಯಾರು?”

ಹಜಾರ ನಿಶ್ಶಬ್ದವಾಯಿತು. ಬ್ಯಾಂಕಿನವರು ಗಂಟಲು ಸರಿಪಡಿಸಿಕೊಂಡು, “ಹೋಟೆಲಿನಲ್ಲಿ ತಿಂದರಾಯಿತು ಬಿಡಿ, ಅಕ್ಕ” ಎಂದರು.

“ನಿಮಗೆ ಸಕ್ಕರೆ ಕಾಯಿಲೆ, ಇವರಿಗೆ ಉಪ್ಪು ಕೂಡದು. ಐದು ದಿನ ಹೋಟೆಲೇ? ಹಾಗಿದ್ದರೆ ಒಲೆಯ ಗಾಡಿಗೆ ದುಡ್ಡೇಕೆ ಕೊಡಬೇಕು, ಬಸ್ಸಿನಲ್ಲೇ ಹೋಗಬಹುದಲ್ಲ! ಚಳಿ ನಮಗೂ ಆಗುತ್ತೆ. ಬಿಸಿಲು ನಮಗೂ ಬೇಕು. ನಾಲ್ಕು ಗೋಡೆಯ ಅಡಿಗೆಮನೆ ಬಿಟ್ಟು ನಾಲ್ಕು ಚಕ್ರದ ಅಡಿಗೆಮನೆಗೆ ಹೋಗೋದಾದರೆ, ನಾವಿಬ್ಬರೂ ಇಲ್ಲೇ ಇರ್ತೀವಿ.”

ಬ್ಯಾಂಕಿನವರ ಪತ್ನಿ ಏನೂ ಹೇಳಲಿಲ್ಲ. ಕುರ್ಚಿಯನ್ನು ಗೆಳತಿಯ ಹತ್ತಿರಕ್ಕೆ ಸರಿಸಿಕೊಂಡರು. ಅದು ಮತ ಚಲಾಯಿಸಿದಂತೆಯೇ ಇತ್ತು.

ಇದರಲ್ಲಿ ಜಗಳವೇನೂ ಇರಲಿಲ್ಲ. ಆದರೆ ನಲವತ್ತು ವರ್ಷಗಳ ಸಂಸಾರದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ತಿರುಪತಿಗೆ ಹೋದಾಗ ಪುಳಿಯೋಗರೆ ಕಟ್ಟಿದವರು ಯಾರು, ಮೈಸೂರಿಗೆ ಹೋದಾಗ ಮಕ್ಕಳಿಗೆ ಹಾಲು ಕಾಯಿಸಿದವರು ಯಾರು ಎಂದು ಹಿಂದಿರುಗಿ ನೋಡಿದರೆ, ಗಂಡಸರು ಕಂಡ ಊರುಗಳನ್ನೆಲ್ಲ ಹೆಂಗಸರು ಪಾತ್ರೆಯ ಹಬೆಯ ಮೂಲಕವೇ ಕಂಡಿದ್ದರು. ಎಂಜಿನಿಯರರು ತಮ್ಮ ನಕ್ಷೆಯನ್ನು ಮಡಿಸಿದರು. ಅದರಲ್ಲಿ ಎತ್ತರ, ಇಳಿಜಾರು, ದೂರ ಎಲ್ಲವೂ ಇದ್ದುವು. ಒಲೆಯ ಮುಂದೆ ನಿಲ್ಲುವವರ ಲೆಕ್ಕ ಮಾತ್ರ ಬಿಟ್ಟುಹೋಗಿತ್ತು.

ಆಗ ಮೂಲೆಯಿಂದ ಮೇಷ್ಟ್ರ ದನಿ ಕೇಳಿತು: “ಒಲೆ ನಾನು ಹಚ್ತೀನಿ.”

ಎಲ್ಲರೂ ತಿರುಗಿ ನೋಡಿದರು. ಹೆಂಡತಿ ಹೋದ ಮೇಲೆ ಆರು ತಿಂಗಳು ಮೇಷ್ಟ್ರು ಕ್ಯಾರಿಯರಿನ ಊಟ ತರಿಸಿಕೊಂಡಿದ್ದರು. ಅನಂತರ ಒಂದು ದಿನ ಸಾರಿನ ಪುಡಿಯ ಡಬ್ಬದ ಮೇಲೆ ಆಕೆಯ ಅಕ್ಷರ ಕಂಡು, ಅಳತೆಯನ್ನು ನೆನಪು ಮಾಡಿಕೊಂಡು, ತಾವೇ ಸಾರು ಮಾಡಿದರು. ಕೆಟ್ಟಿತು. ಮರುದಿನ ಮತ್ತೆ ಮಾಡಿದರು. ಈಗ ಅವರಿಗೆ ಅವರೆಕಾಳಿನ ಉಪ್ಪಿಟ್ಟು, ಹುಳಿ, ಚಪಾತಿ ಎಲ್ಲ ಬರುತ್ತಿತ್ತು. ಮನೆಯಲ್ಲಿ ಒಬ್ಬರೇ ಉಣ್ಣುವುದರಿಂದ ಯಾರಿಗೂ ಅದು ತಿಳಿದಿರಲಿಲ್ಲ.

“ಆದರೆ ನಾನೊಬ್ಬನೇ ಅಲ್ಲ. ಇವರಿಬ್ಬರಿಗೂ ಕಲಿಸ್ತೀನಿ. ಮೂವತ್ತೈದು ವರ್ಷ ಕಲಿಸಿದ ಅಭ್ಯಾಸ” ಎಂದರು. ಹೊರೆಯೆಂದುಕೊಂಡಿದ್ದವರು ಹೀಗೆ ಆ ಪ್ರಯಾಣಕ್ಕೆ ಅನಿವಾರ್ಯರಾದರು. ಬ್ಯಾಂಕಿನವರು ತಕ್ಷಣ ಒಂದು ಪಟ್ಟಿ ಬರೆದರು: ಯಾವ ದಿನ ಯಾರ ಅಡಿಗೆ, ಯಾರು ಪಾತ್ರೆ, ಯಾರು ನೀರು ತುಂಬುವುದು. ಹೆಂಗಸರ ಹೆಸರು ಅದರಲ್ಲಿ ಮೊದಲ ಮೂರು ದಿನ ಇರಲಿಲ್ಲ.

ಮುಂದಿನದು ದಾರಿಯ ಮಾತು. ಕನಕಪುರ ರಸ್ತೆಯ ಕಡೆಯಿಂದ ವರ್ತುಲ ಮಾರ್ಗ ಹಿಡಿದು ತುಮಕೂರು ರಸ್ತೆಗೆ ಬಂದು, ನೆಲಮಂಗಲದಲ್ಲಿ ರಾಷ್ಟ್ರೀಯ ಹೆದ್ದಾರಿ ೭೫ನ್ನು ಸೇರಿದರೆ, ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ; ಅಲ್ಲಿಂದ ಶಿರಾಡಿ ಘಾಟಿ ಇಳಿದು ಮಂಗಳೂರು. ಒಟ್ಟು ಸುಮಾರು ೩೫೦ ಕಿಲೋಮೀಟರ್. ಅವಸರದವರು ಒಂದೇ ದಿನದಲ್ಲಿ ಮುಗಿಸುತ್ತಾರೆ. ಆದರೆ ಭಾರದ ಗಾಡಿ, ವಯಸ್ಸಾದ ಬೆನ್ನು ಇವೆರಡಕ್ಕೂ ಎರಡು ದಿನವೇ ಲೇಸು. ಘಾಟಿಯನ್ನು ಹಗಲಿನಲ್ಲಿಯೇ ಇಳಿಯಬೇಕು. ಆದ್ದರಿಂದ ಮೊದಲ ರಾತ್ರಿ ಸಕಲೇಶಪುರದ ಸಮೀಪದ ಒಂದು ವಸತಿಗೃಹದ ಆವರಣದಲ್ಲಿ ಬಿಡಾರ. ಸಕಲೇಶಪುರವೂ ಬೆಂಗಳೂರಿನಷ್ಟೇ ಎತ್ತರದ ಊರು. ಅಲ್ಲಿಯ ಮಂಜಿನಲ್ಲಿ ಮೇಷ್ಟ್ರು ರಾತ್ರಿ ಎರಡು ಬಾರಿ ಎದ್ದು ಔಷಧಿಯನ್ನು ಎಳೆದುಕೊಂಡರು. ಎರಡನೆಯ ಬಾರಿ ಎದ್ದಾಗ ಎಂಜಿನಿಯರರು ಬಿಸಿನೀರಿನ ಲೋಟ ಹಿಡಿದು ಆಗಲೇ ಕುಳಿತಿದ್ದರು. ಇಬ್ಬರೂ ಏನೂ ಆಡಲಿಲ್ಲ.

ಬೆಳಗಿನ ಉಪ್ಪಿಟ್ಟು ಎಂಜಿನಿಯರರದು, ತಳ ಹತ್ತಿತ್ತು. ಅವರ ಪತ್ನಿ ಮಡಿಸುವ ಕುರ್ಚಿಯಲ್ಲಿ ಕುಳಿತು, ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಇರುವ ಗುಡ್ಡದ ಕಡೆ ಮಂಜು ಸರಿಯುವುದನ್ನು ನೋಡುತ್ತಿದ್ದರು. ಸೀದ ವಾಸನೆ ಬಂದಾಗ ಕೈ ತಾನಾಗಿ ಕುರ್ಚಿಯ ತೋಳನ್ನೂರಿತು. ಮೂರು ಬಾರಿ ಏಳಹೋದರು. ಮೂರು ಬಾರಿಯೂ ಪಕ್ಕದ ಗೆಳತಿ ಸೆರಗು ಹಿಡಿದು ಕೂರಿಸಿದರು.

ಘಾಟಿ ಇಳಿಯುತ್ತಿದ್ದಂತೆ ಮೊದಲು ಮಂಗನ ಟೋಪಿ, ಅನಂತರ ಮಫ್ಲರು, ಗುಂಡ್ಯ ದಾಟುವಷ್ಟರಲ್ಲಿ ಸ್ವೆಟರು ಹೀಗೆ ಒಂದೊಂದಾಗಿ ಕಳಚಿದುವು. ಚಳಿಗಾಲದಲ್ಲಿ ಕರಾವಳಿಯ ಹಗಲು ಕಾಯುವುದಕ್ಕೆ ಎತ್ತರದ ಲೆಕ್ಕವೊಂದೇ ಕಾರಣವಲ್ಲ. ಆ ದಿನಗಳಲ್ಲಿ ಪೂರ್ವದಿಂದ ಬೀಸುವ ಒಣಗಾಳಿ ಘಟ್ಟವನ್ನಿಳಿಯುವಾಗ ಒತ್ತಡಕ್ಕೆ ಸಿಕ್ಕಿ, ಸಾವಿರ ಮೀಟರಿಗೆ ಸುಮಾರು ಹತ್ತು ಡಿಗ್ರಿಯಂತೆ ಬಿಸಿಯೇರುತ್ತದೆ. ಮಧ್ಯಾಹ್ನದ ಕಡಲ ಗಾಳಿ ಬರುವ ತನಕ ಅದರದೇ ರಾಜ್ಯ. ಆದುದರಿಂದಲೇ ಡಿಸೆಂಬರಿನಲ್ಲಿ ಮಂಗಳೂರಿನ ಹಗಲು ಮೂವತ್ತಮೂರು ಡಿಗ್ರಿಯ ಸುಮಾರಿಗೆ ಏರುತ್ತದೆ. ಬಿಸಿಲನ್ನು ಹುಡುಕಿಕೊಂಡು ಬಂದ ಜಯನಗರದವರು ಮಂಗಳೂರಿನಲ್ಲಿ ಇಳಿದು ಆಡಿದ ಮೊದಲ ಮಾತು, “ಅಬ್ಬ, ಏನು ಸೆಕೆ!”

ಉಡುಪಿ, ಕುಂದಾಪುರಗಳನ್ನು ದಾಟಿ ಮರವಂತೆಗೆ ಬಂದರೆ, ಹೆದ್ದಾರಿಯ ಒಂದು ಬದಿಗೆ ಕಡಲು, ಮತ್ತೊಂದು ಬದಿಗೆ ಸೌಪರ್ಣಿಕಾ ನದಿ. ಅದರ ಸಮೀಪದಲ್ಲಿ, ಅನುಮತಿ ಪಡೆದ ಜಾಗವೊಂದರಲ್ಲಿ, ಎರಡು ರಾತ್ರಿ ಗಾಡಿ ನಿಂತಿತು. ಮೇಷ್ಟ್ರು ಆ ಎರಡು ರಾತ್ರಿಯೂ ಎಚ್ಚರಗೊಳ್ಳದೆ ಮಲಗಿದರು. ನಾಲ್ಕನೆಯ ದಿನದ ಅಡಿಗೆಯ ಸರದಿ ಹೆಂಗಸರದಾಗಿತ್ತು. ಅಷ್ಟು ಹೊತ್ತಿಗೆ ಬ್ಯಾಂಕಿನವರು ತಾವಾಗಿಯೇ ತೆಂಗಿನಕಾಯಿ ತುರಿಯಲು ಕುಳಿತಿದ್ದರು. ಯಾರೂ ಅವರನ್ನು ಹೊಗಳಲಿಲ್ಲ, ಅದೇ ಸರಿಯಾಗಿತ್ತು.

ಇಂಥ ಪ್ರಯಾಣಕ್ಕೆ ಹೊರಡುವವರು ಕೆಲವು ಸಂಗತಿಗಳನ್ನು ಮರೆಯಬಾರದು. ರಾತ್ರಿ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವುದು ತರವಲ್ಲ; ಮೊದಲೇ ಜಾಗ ಗೊತ್ತುಮಾಡಿಕೊಳ್ಳಬೇಕು. ನಿತ್ಯದ ಔಷಧಿಗಳು ಎರಡು ಕಟ್ಟಿನಲ್ಲಿ, ಎರಡು ಚೀಲದಲ್ಲಿರಲಿ. ದಾರಿಯ ಆಸ್ಪತ್ರೆಗಳ ಹೆಸರು ಚಾಲಕನಿಗೂ ತಿಳಿದಿರಲಿ. ಬಳಸಿದ ನೀರನ್ನೂ ಕಸವನ್ನೂ ಹೊಳೆಗೆ, ಕಡಲಿಗೆ ಚೆಲ್ಲಬಾರದು. ಅತಿಥಿಗೆ ಅದು ಶೋಭೆಯಲ್ಲ. ಎಲ್ಲಕ್ಕಿಂತ ಮೊದಲು, ವ್ಯಾನಿನ ಮುಂಗಡ ಹಣ ಕಟ್ಟುವ ಮುನ್ನ, ಒಲೆ ಹಚ್ಚುವವರು ಯಾರೆಂಬುದು ನಿಶ್ಚಯವಾಗಲಿ.

ಕರಾವಳಿಯ ಶಾಖವನ್ನು ಟ್ರಂಕಿನಲ್ಲಿ ತುಂಬಿ ತರುವಂತಿಲ್ಲ. ಹಿಂದಿರುಗುವಾಗ ಘಟ್ಟ ಹತ್ತಿದಂತೆ ಸ್ವೆಟರು, ಮಫ್ಲರುಗಳು ಮತ್ತೆ ಮೈಯೇರಿದುವು. ನೆಲಮಂಗಲದ ಮಂಜಿನಲ್ಲಿ ಮೇಷ್ಟ್ರು ಎಂದಿನಂತೆ ಔಷಧಿಯನ್ನು ಎಳೆದುಕೊಂಡರು. ಬ್ಯಾಂಕಿನವರ ಪಟ್ಟಿ ಎರಡು ಮನೆಗಳಿಗೂ ಹೋಯಿತು. ಒಂದು ಮನೆಯಲ್ಲಿ ಅದು ಮೂರನೆಯ ದಿನವೇ ಹಳೆಯ ಪತ್ರಿಕೆಗಳ ರಾಶಿಯನ್ನು ಸೇರಿತು. ಇನ್ನೊಂದರಲ್ಲಿ ಅದು ಈಗಲೂ ಅಡಿಗೆಮನೆಯ ಗೋಡೆಯ ಮೇಲಿದೆ. ಮಂಗಳವಾರ, ಶುಕ್ರವಾರಗಳಂದು ಅಲ್ಲಿ ತಳ ಹತ್ತಿದ ಉಪ್ಪಿಟ್ಟನ್ನು ಇಬ್ಬರು ಕುಳಿತು ತಿನ್ನುತ್ತಾರೆ. ಶನಿವಾರ ಮಧ್ಯಾಹ್ನ ಐವರ ಊಟ ಮೇಷ್ಟ್ರ ಮನೆಯಲ್ಲಿ.