ತಬ್ಬಲಿ ಮರಿಗೆ ಕಣ್ಣೀರು, ತಾಯಿಯ ಸಾವಿಗೆ ಮೌನ

2008ರ ಆಗಸ್ಟ್‌ ತಿಂಗಳಲ್ಲಿ ಆಸ್ಟ್ರೇಲಿಯಾದ ಸಿಡ್ನಿಗೆ ಉತ್ತರದಲ್ಲಿರುವ ಪಿಟ್‌ವಾಟರ್ ಎಂಬ ಕಡಲ ಚಾಚಿನಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲದ ಮರಿಯೊಂದು ಒಂಟಿಯಾಗಿ ಕಾಣಿಸಿಕೊಂಡಿತು. ಇನ್ನೂ ಹಾಲು ಕುಡಿಯುವ ಮರಿ. ತಾಯಿ ಎಲ್ಲೂ ಇರಲಿಲ್ಲ. ಲಂಗರು ಹಾಕಿದ್ದ ಹಾಯಿದೋಣಿಯ ಮಗ್ಗುಲಿಗೆ ಒತ್ತಿಕೊಂಡು ಮೂತಿಯಿಂದ ತಡಕುತ್ತ, ಆ ನುಣುಪು ಒಡಲಲ್ಲೇ ಮೊಲೆ ಹುಡುಕುತ್ತಿತ್ತು. ಜನ ಅದಕ್ಕೆ ಕಾಲಿನ್ ಎಂದು ಹೆಸರಿಟ್ಟರು. ಟಿ.ವಿ. ವಾಹಿನಿಗಳು ದಿನವಿಡೀ ಅದನ್ನೇ ತೋರಿಸಿದವು. ಹಾಲು ಕುಡಿಸಿ ಎಂದರು ಕೆಲವರು, ಬೇರೊಂದು ತಾಯಿಯ ಜೊತೆ ಸೇರಿಸಿ ಎಂದರು ಇನ್ನು ಕೆಲವರು. ಮೂಲನಿವಾಸಿ ಸಮುದಾಯದ ಹಿರಿಯರೊಬ್ಬರು ಬಂದು ಅದರ ಬಳಿ ಹಾಡಿದರು. ದೋಣಿಯನ್ನು ಹಿಂಬಾಲಿಸುವಂತೆ ಮಾಡಿ ತೆರೆದ ಕಡಲಿಗೆ ಕರೆದೊಯ್ದರೂ ಮರಿ ಮರಳಿ ಬಂತು. ಆಗಸ್ಟ್ 22ರಂದು ಅಧಿಕಾರಿಗಳು ಚುಚ್ಚುಮದ್ದು ಕೊಟ್ಟು ಅದರ ಜೀವ ತೆಗೆದರು. ಅಷ್ಟು ದಿನ ಉಕ್ಕಿ ಹರಿದ ಮರುಕ ಅವತ್ತೇ ಸಿಟ್ಟಾಗಿ ತಿರುಗಿತು. ಸಿಟ್ಟಿಗೆ ಗುರಿಯಾದವರು ವನ್ಯಜೀವಿ ಇಲಾಖೆಯ ಸಿಬ್ಬಂದಿ.

ಆ ಸಿಟ್ಟು ನ್ಯಾಯವಾದದ್ದಾಗಿರಲಿಲ್ಲ. ಹಂಪ್‌ಬ್ಯಾಕ್ ಮರಿ ದಿನಕ್ಕೆ ನೂರು ಲೀಟರಿಗೂ ಹೆಚ್ಚು ಹಾಲು ಕುಡಿಯುತ್ತದೆ. ಆ ಹಾಲಿನಲ್ಲಿ ಮೂರನೇ ಒಂದು ಪಾಲಿಗೂ ಮಿಕ್ಕಿ ಕೊಬ್ಬಿರುತ್ತದೆ. ಹಸುವಿನ ಹಾಲಿನಲ್ಲಿ ಇರುವುದು ಶೇ 4ರ ಆಸುಪಾಸು. ಅಂಥ ಹಾಲನ್ನು ಅಷ್ಟು ಪ್ರಮಾಣದಲ್ಲಿ ತಯಾರಿಸಿ, ಈಜಾಡುವ ಪ್ರಾಣಿಯ ಹೊಟ್ಟೆಗೆ ತಿಂಗಳುಗಟ್ಟಲೆ ಇಳಿಸುವುದು ಕೈಲಾಗುವ ಕೆಲಸವಲ್ಲ. ಸಾಕುತಾಯಿಯ ಮಾತೂ ಅಷ್ಟೆ. ಚಳಿಗಾಲದಲ್ಲಿ ಮರಿ ಹಾಕಲು ಬೆಚ್ಚಗಿನ ನೀರಿಗೆ ಬರುವ ಹೆಣ್ಣು ತಿಮಿಂಗಿಲ ಆ ತಿಂಗಳುಗಳಲ್ಲಿ ಹೆಚ್ಚೂಕಡಿಮೆ ಉಪವಾಸವೇ ಇರುತ್ತದೆ. ತನ್ನ ಮೈಯ ಕೊಬ್ಬನ್ನೇ ಕರಗಿಸಿ ಹಾಲಾಗಿಸುವ ತಾಯಿಗೆ ಇನ್ನೊಬ್ಬರ ಮರಿಗೆ ಕೊಡುವಷ್ಟು ಉಳಿಯುವುದಿಲ್ಲ. ಹಲ್ಲಿಲ್ಲದ ದೊಡ್ಡ ತಿಮಿಂಗಿಲದ ಮರಿಯನ್ನು ಮನುಷ್ಯರು ಸಾಕಿ ಕಡಲಿಗೆ ಬಿಟ್ಟ ಹೆಸರುವಾಸಿ ಪ್ರಸಂಗವೊಂದಿದೆ. ಕ್ಯಾಲಿಫೋರ್ನಿಯಾದಲ್ಲಿ 1997ರ ಜನವರಿಯಲ್ಲಿ ಸಿಕ್ಕ ಜೆಜೆ ಎಂಬ ಬೂದು ತಿಮಿಂಗಿಲವನ್ನು ಸ್ಯಾನ್ ಡಿಯಾಗೊದ ದೊಡ್ಡ ಕೊಳವೊಂದರಲ್ಲಿ ಹದಿನಾಲ್ಕು ತಿಂಗಳು ಸಾಕಿದರು. ಬಿಡುವಾಗ ಅದರ ತೂಕ ಎಂಟು ಟನ್ ದಾಟಿತ್ತು. ಬಿಟ್ಟ ಕೆಲವೇ ದಿನಗಳಲ್ಲಿ ಅದರ ಮೈಗೆ ಅಂಟಿಸಿದ್ದ ಸಾಧನಗಳು ಕಳಚಿಬಿದ್ದವು. ಬದುಕಿತೋ ಸತ್ತಿತೋ, ಸುದ್ದಿಯಿಲ್ಲ. ಪಿಟ್‌ವಾಟರ್‌ನಲ್ಲಿ ಅಂಥ ಕೊಳ ಇರಲಿಲ್ಲ, ಸಮಯವೂ ಇರಲಿಲ್ಲ. ಉಳಿದಿದ್ದು ಎರಡೇ ದಾರಿ: ಹಸಿವಿನಿಂದ ದಿನದಿನಕ್ಕೆ ಕುಸಿಯುತ್ತ ಸಾಯುವುದು, ಇಲ್ಲವೇ ಒಂದು ಚುಚ್ಚುಮದ್ದು.

ನ್ಯೂಜಿಲೆಂಡಿನಲ್ಲಿ ಇದಕ್ಕೆ ಪೂರ್ತಿ ವಿರುದ್ಧವಾದ ನಿರ್ಧಾರ ಆಯಿತು. 2021ರ ಜುಲೈ 11ರಂದು ರಾಜಧಾನಿ ವೆಲಿಂಗ್ಟನ್ನಿನ ಉತ್ತರಕ್ಕಿರುವ ಪ್ಲಿಮರ್ಟನ್ ಬಳಿ ಬಂಡೆಗಳ ನಡುವೆ ಓರ್ಕಾ ತಿಮಿಂಗಿಲದ ಮರಿಯೊಂದು ಸಿಕ್ಕಿಬಿದ್ದಿತ್ತು. ಎರಡೂವರೆ ಮೀಟರ್‌ ಉದ್ದದ, ಹಾಲು ಬಿಡದ ಕೂಸು. ಟೋವಾ ಎಂದು ಹೆಸರಾಯಿತು. ಅಲ್ಲಿ ಜುಲೈ ಎಂದರೆ ನಡುಚಳಿಗಾಲ. ಕೊರೆಯುವ ನೀರಿನಲ್ಲಿ ಎದೆಮಟ್ಟ ನಿಂತು, ಪಾಳಿಯ ಮೇಲೆ ಹಗಲಿರುಳು ಆ ಮರಿಯನ್ನು ಎತ್ತಿಹಿಡಿದವರು ನೂರಾರು ಸ್ವಯಂಸೇವಕರು. ಕೊಳವೆಯ ಮೂಲಕ ಹಾಲಿನ ಪುಡಿಯ ದ್ರಾವಣ ಇಳಿಸಿದರು. ಕಡಲು ಕೆರಳಿದಾಗ ದಡದ ಮೇಲೆ ತಾತ್ಕಾಲಿಕ ಕೊಳ ಕಟ್ಟಿ ಅದರೊಳಗೆ ಇರಿಸಿದರು. ದೋಣಿಗಳಲ್ಲಿ, ವಿಮಾನದಲ್ಲಿ ಅದರ ಕುಟುಂಬಕ್ಕಾಗಿ ಹುಡುಕಿದರು, ಸಿಗಲಿಲ್ಲ. ದಯಾಮರಣವೇ ಮೇಲು ಎಂದು ಹೇಳಿದ ತಜ್ಞರಿದ್ದರು. ಆದರೆ ಇಡೀ ದೇಶ ಕಣ್ಣಿಟ್ಟು ನೋಡುತ್ತಿದ್ದಾಗ ಹಾಗೆ ಮಾಡುವುದು ಯಾವ ಅಧಿಕಾರಿಗೂ ಸುಲಭವಿರಲಿಲ್ಲ. ಜುಲೈ 23ರ ರಾತ್ರಿ ಟೋವಾ ಸತ್ತಿತು. ಆ ಸ್ವಯಂಸೇವಕರ ಮೇಲೆ ನನಗಿರುವುದು ಗೌರವ. ಆದರೂ ಕೇಳಬೇಕಾದ್ದು ಕೇಳಲೇಬೇಕು: ಜೊತೆಗಾರರಿಲ್ಲದೆ ಒಂದು ಕ್ಷಣವೂ ಇರದ ಪ್ರಾಣಿಯನ್ನು ಹನ್ನೆರಡು ದಿನ ಹಾಗೆ ಇರಿಸಿದ್ದು ಅದರ ಸಲುವಾಗಿಯೋ, ಅದರ ಸಾವನ್ನು ಒಪ್ಪಿಕೊಳ್ಳಲಾಗದ ನಮ್ಮ ಸಲುವಾಗಿಯೋ?

ಎರಡೂ ಕಡೆ ಜನರ ಮರುಕ ನಿಜವಾದದ್ದೇ. ಅದು ಬಂದ ಹೊತ್ತು ಮಾತ್ರ ತಪ್ಪು. ಮರಿ ತಾಯಿಯಿಂದ ಬೇರೆಯಾದ ಮೇಲೆ, ಯಾವ ಆಯ್ಕೆಯೂ ಉಳಿಯದ ಘಳಿಗೆಯಲ್ಲಿ, ಒಬ್ಬ ಪಶುವೈದ್ಯ ಇಲ್ಲವೇ ಒಬ್ಬ ವನ್ಯಜೀವಿ ಅಧಿಕಾರಿಯ ಮೇಲೆ ಅದು ಭಾರವಾಗಿ ಬೀಳುತ್ತದೆ. ತಾಯಂದಿರು ಯಾಕೆ ಸಾಯುತ್ತಾರೆ ಎಂಬ ಪ್ರಶ್ನೆ ಸರ್ಕಾರದ ಮೇಜಿನ ಮೇಲೆ ಬಂದ ದಿನ ಆ ಮರುಕದ ದನಿ ಕ್ಷೀಣ. ಟೋವಾಗಾಗಿ ನ್ಯೂಜಿಲೆಂಡ್ ಉಸಿರು ಬಿಗಿಹಿಡಿದಿದ್ದ ಹೊತ್ತಿಗಾಗಲೇ, ಅದೇ ಉತ್ತರ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಮಾವಿ ಡಾಲ್ಫಿನ್‌ಗಳ ಎಣಿಕೆ ನಡೆದಿತ್ತು. ಒಂದು ವರ್ಷ ದಾಟಿದವು ಸುಮಾರು 54 ಮಾತ್ರ ಉಳಿದಿವೆ ಎಂದು ಆ 2020–21ರ ಎಣಿಕೆ ಹೇಳಿತು. ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಜೀವಿಗಳು ಅವು. ಅವನ್ನು ಈ ಸ್ಥಿತಿಗೆ ತಂದದ್ದರಲ್ಲಿ ಗಿಲ್‌ನೆಟ್ ಮತ್ತು ಟ್ರಾಲ್ ಬಲೆಗಳ ಪಾಲು ದೊಡ್ಡದು. ಬೆಕ್ಕಿನ ಹೇಲಿನಿಂದ ಮಳೆನೀರಿನೊಂದಿಗೆ ಕಡಲು ಸೇರುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಜೀವಿಯೂ ಅವುಗಳನ್ನು ಕೊಲ್ಲುತ್ತಿದೆ. ಬಲೆ ನಿಷೇಧದ ವ್ಯಾಪ್ತಿ ಎಲ್ಲಿಯವರೆಗೆ ಇರಬೇಕು, ಊರಿನ ಬೆಕ್ಕುಗಳನ್ನು ಹೇಗೆ ಹತೋಟಿಯಲ್ಲಿಡಬೇಕು ಎಂಬ ಚರ್ಚೆಗೆ ಚಳಿಯಲ್ಲಿ ನೀರಿಗಿಳಿಯುವ ಹುರುಪು ಬರುವುದಿಲ್ಲ. ಅಲ್ಲಿ ಎತ್ತಿಕೊಳ್ಳಲು ಮರಿಯಿಲ್ಲ, ಕರೆಯಲು ಹೆಸರಿಲ್ಲ.

ಅಮೆರಿಕದ ಪೂರ್ವ ಕರಾವಳಿಯ ಉದಾಹರಣೆ ಇನ್ನೂ ಕಹಿ. ಉತ್ತರ ಅಟ್ಲಾಂಟಿಕ್ ರೈಟ್ ತಿಮಿಂಗಿಲಗಳು ಇಂದು 400ಕ್ಕಿಂತ ಕಡಿಮೆ ಉಳಿದಿವೆ. 2021ರ ಫೆಬ್ರುವರಿಯಲ್ಲಿ ಫ್ಲಾರಿಡಾದ ಸೇಂಟ್ ಆಗಸ್ಟೀನ್ ಬಳಿ 54 ಅಡಿ ಉದ್ದದ ಗಾಳದ ದೋಣಿಯೊಂದು ತಾಯಿ ಮತ್ತು ಮರಿಯ ಮೇಲೆ ಹಾದುಹೋಯಿತು. ಮರಿ ಸತ್ತು ದಡಕ್ಕೆ ಬಂತು, ತಾಯಿಯ ಮೈಮೇಲೆ ಗಾಯಗಳು ಕಂಡವು. ಈ ತಿಮಿಂಗಿಲಗಳು ಓಡಾಡುವ ನೀರಿನಲ್ಲಿ, ನಿಗದಿಯಾದ ತಿಂಗಳುಗಳಲ್ಲಿ, 65 ಅಡಿ ಮತ್ತು ಅದಕ್ಕಿಂತ ಉದ್ದದ ಹಡಗುಗಳು 10 ನಾಟ್ ವೇಗ ಮೀರಬಾರದು ಎಂಬ ನಿಯಮ 2008ರಿಂದ ಜಾರಿಯಲ್ಲಿದೆ. 54 ಅಡಿಯ ದೋಣಿಗೆ ಅದು ಅನ್ವಯಿಸುವುದಿಲ್ಲ. 35 ಅಡಿಯ ದೋಣಿಗಳನ್ನೂ ಒಳಗೊಳ್ಳುವಂತೆ ನಿಯಮ ವಿಸ್ತರಿಸುವ ಪ್ರಸ್ತಾವ 2022ರಲ್ಲಿ ಬಂತು. ದೋಣಿ ತಯಾರಕರು, ಗಾಳದ ಹವ್ಯಾಸಿಗಳು ಒಗ್ಗಟ್ಟಾಗಿ ವಿರೋಧಿಸಿದರು. 2024ರ ಮಾರ್ಚ್‌ನಲ್ಲಿ ದೋಣಿಯ ಪ್ರೊಪೆಲರಿಗೆ ಸಿಕ್ಕು ತಲೆ, ತುಟಿ ಸೀಳಿದ್ದ ಇನ್ನೊಂದು ಮರಿ ಜಾರ್ಜಿಯಾದ ದಡದಲ್ಲಿ ಸತ್ತುಬಿದ್ದಿತ್ತು. 2025ರ ಜನವರಿಯಲ್ಲಿ ಆ ಪ್ರಸ್ತಾವವನ್ನೇ ಹಿಂತೆಗೆದುಕೊಳ್ಳಲಾಯಿತು. ನಿಯಮದ ಪರ ಮಾತಾಡಿದವರು ಇರಲಿಲ್ಲವೆಂದಲ್ಲ. ಆದರೆ ಕಾಲಿನ್‌ಗಾಗಿ ಎದ್ದ ಕೂಗು ಇದಕ್ಕಾಗಿ ಎದ್ದಿದ್ದರೆ, ಹಿಂತೆಗೆದುಕೊಳ್ಳುವ ಮುನ್ನ ಯಾರಾದರೂ ಎರಡು ಸಲ ಯೋಚಿಸುತ್ತಿದ್ದರು.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಮೊದಲನೆಯದು, ಪ್ರಯತ್ನಪಟ್ಟರೆ ಉಳಿಸಬಹುದು ಎಂಬುದು. ಸ್ಪ್ರಿಂಗರ್ ಎಂಬ ಓರ್ಕಾ ಅದಕ್ಕೆ ಸಾಕ್ಷಿ. 2002ರ ಜನವರಿಯಲ್ಲಿ ಸಿಯಾಟಲ್ ನಗರದ ಬಳಿಯ ಕಡಲಲ್ಲಿ ಸಿಕ್ಕ ಈ ತಬ್ಬಲಿಯನ್ನು ಅದೇ ಜುಲೈನಲ್ಲಿ ಕೆನಡಾದ ನೀರಿಗೆ ಸಾಗಿಸಿದರು. ಅದು ತನ್ನ ಬಳಗವನ್ನು ಸೇರಿತು, ಮುಂದೆ ತಾನೇ ತಾಯಿಯಾಯಿತು. ಸಂತೋಷದ ಸಂಗತಿ. ಆದರೆ ಸ್ಪ್ರಿಂಗರ್‌ಗೆ ಆಗಲೇ ಎರಡು ವರ್ಷ. ಮೀನು ಹಿಡಿದು ತಿನ್ನುತ್ತಿತ್ತು. ಅದರ ಕೂಗಿನಿಂದಲೇ ಯಾವ ಬಳಗದ್ದೆಂದು ಗುರುತಿಸಲು ಸಾಧ್ಯವಾಯಿತು, ಆ ಬಳಗ ಬೇಸಿಗೆಯಲ್ಲಿ ಎಲ್ಲಿಗೆ ಬರುತ್ತದೆಂದೂ ಗೊತ್ತಿತ್ತು. ಅಷ್ಟು ತಿಂಗಳು ಕಾದು, ನೋಡಿ, ಆಮೇಲೆ ಕೈಹಾಕಿದರು. 2024ರಲ್ಲಿ ಕೆನಡಾದ ವ್ಯಾಂಕೂವರ್ ದ್ವೀಪದ ಜೆಬಾಲೊಸ್ ಬಳಿ ನಡೆದದ್ದೂ ಇದನ್ನೇ ಹೇಳುತ್ತದೆ. ಮಾರ್ಚ್ 23ರಂದು ಇಳಿತದಲ್ಲಿ ಸಿಕ್ಕಿ ತಾಯಿ ಓರ್ಕಾ ಸತ್ತಿತು. ಅದರ ಎರಡು ವರ್ಷದ ಮರಿ ಒಳನೀರಿನಲ್ಲೇ ಉಳಿಯಿತು. ಅದನ್ನು ಹಿಡಿದು ಸಾಗಿಸುವ ದೊಡ್ಡ ಪ್ರಯತ್ನ ವಿಫಲವಾಯಿತು. ಅಲ್ಲಿನ ಎಹಟೆಸಾಟ್ ಮೂಲನಿವಾಸಿ ಸಮುದಾಯ ಮುಂದೆ ನಿಂತು, ಗದ್ದಲವನ್ನು ದೂರವಿರಿಸಿ, ಸೀಲ್ ಮಾಂಸ ಉಣಿಸುತ್ತ ಕಾಯಿತು. ಏಪ್ರಿಲ್ 26ರ ನಸುಕಿನಲ್ಲಿ, ಉಬ್ಬರ ಏರಿದ್ದಾಗ, ಮರಿ ತಾನಾಗಿಯೇ ಹೊರಗೆ ಈಜಿತು. ಉಳಿಸಬಹುದಾದ ಮರಿಯನ್ನು ಉಳಿಸಲೇಬೇಕು. ಯಾವುದು ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದನ್ನು ಮಾತ್ರ ಮರಿಯ ವಯಸ್ಸು, ಆಹಾರ, ಬಳಗದ ಗುರುತು ನೋಡಿ ನಿರ್ಧರಿಸಬೇಕು, ದಡದಲ್ಲಿ ಎಷ್ಟು ಜನ ಅಳುತ್ತಿದ್ದಾರೆ ಎಂದು ನೋಡಿ ಅಲ್ಲ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಒಂದು ಜೀವದ ಮೇಲಿನ ಮರುಕವೇ ಕಾನೂನಿಗೆ ದಾರಿಯಲ್ಲವೇ ಎಂದು ಕೇಳುವವರಿದ್ದಾರೆ. ಹೌದು, ಆಗಿದೆ. 1976ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಡ್ ಇನ್ಲೆಟ್‌ನಲ್ಲಿ ಅಕ್ವೇರಿಯಂಗಾಗಿ ಓರ್ಕಾಗಳನ್ನು ಅಟ್ಟಿ ಹಿಡಿಯುತ್ತಿದ್ದುದನ್ನು ಕಣ್ಣಾರೆ ಕಂಡ ಜನ ಸಿಡಿದೆದ್ದರು; ವಿಷಯ ನ್ಯಾಯಾಲಯಕ್ಕೆ ಹೋಯಿತು, ಆ ರಾಜ್ಯದ ನೀರಿನಲ್ಲಿ ಓರ್ಕಾ ಹಿಡಿಯುವುದು ಅಲ್ಲಿಗೇ ನಿಂತಿತು. ಆಸ್ಟ್ರೇಲಿಯಾದ ಕೊನೆಯ ತಿಮಿಂಗಿಲ ಬೇಟೆ ಕೇಂದ್ರ 1978ರಲ್ಲಿ ಮುಚ್ಚಿತು, 1980ರಲ್ಲಿ ರಕ್ಷಣಾ ಕಾನೂನು ಬಂತು. ಅದರ ಹಿಂದೆಯೂ ಜನಾಭಿಪ್ರಾಯವಿತ್ತು. ಆದರೆ ಈ ಎರಡೂ ಕಡೆ ಜನ ಕೇಳಿದ್ದು ಯಾರೋ ಒಬ್ಬರು ಮಾಡುತ್ತಿದ್ದ ಒಂದು ಕೆಲಸ ನಿಲ್ಲಲಿ ಎಂದು. ಬೇಟೆ ನಿಂತದ್ದರ ಫಲ ನೋಡಿ. 1959ರಿಂದ 61ರವರೆಗಿನ ಎರಡೇ ಹಂಗಾಮಿನಲ್ಲಿ ಸೋವಿಯತ್ ಹಡಗುಗಳು ದಕ್ಷಿಣದ ಕಡಲಲ್ಲಿ ಸುಮಾರು 25 ಸಾವಿರ ಹಂಪ್‌ಬ್ಯಾಕ್‌ಗಳನ್ನು ಕದ್ದು ಕೊಂದಿದ್ದವು. ಪೂರ್ವ ಆಸ್ಟ್ರೇಲಿಯಾದಲ್ಲಿ ಉಳಿದದ್ದು ಕೆಲವು ನೂರು. ಇಂದು ಅದೇ ಕರಾವಳಿಯಲ್ಲಿ ಅವುಗಳ ಸಂಖ್ಯೆ 30 ಸಾವಿರ ದಾಟಿದೆ. ಈ ಏರಿಕೆಯಲ್ಲಿ ಕೈಯಾರೆ ಸಾಕಿದ ಒಂದೇ ಒಂದು ಮರಿಯ ಪಾಲಿಲ್ಲ. ಬೇಟೆ ನಿಂತಿತು, ತಾಯಂದಿರು ಉಳಿದರು, ಮರಿಗಳನ್ನು ಅವರೇ ಸಾಕಿಕೊಂಡರು.

ಮೀನುಗಾರನ ಹೊಟ್ಟೆಪಾಡಿನ ಮಾತೂ ಇದೆ, ಅದನ್ನು ತಳ್ಳಿಹಾಕುವಂತಿಲ್ಲ. ಜಗತ್ತಿನಾದ್ಯಂತ ವರ್ಷಕ್ಕೆ 3 ಲಕ್ಷಕ್ಕೂ ಹೆಚ್ಚು ತಿಮಿಂಗಿಲ, ಡಾಲ್ಫಿನ್‌ಗಳು ಬಲೆಗೆ ಸಿಕ್ಕಿ ಸಾಯುತ್ತವೆ ಎಂಬ ಅಂದಾಜಿದೆ. ಅವುಗಳಲ್ಲಿ ಹಾಲೂಡುವ ತಾಯಂದಿರೆಷ್ಟು, ಅವುಗಳ ಮರಿಗಳು ಏನಾದವು ಎಂದು ಲೆಕ್ಕ ಇಟ್ಟವರಿಲ್ಲ. ಯಾವ ಮೀನುಗಾರನೂ ಬೇಕೆಂದು ಅವನ್ನು ಹಿಡಿಯುವುದಿಲ್ಲ. ಬಲೆ ಹರಿದರೆ ಅವನಿಗೇ ನಷ್ಟ. ಇದಕ್ಕೆ ಉತ್ತರ ನಮ್ಮ ಪಶ್ಚಿಮ ಕರಾವಳಿಯಲ್ಲೇ ಇದೆ. ಗುಜರಾತಿನಲ್ಲಿ ಒಂದು ಕಾಲಕ್ಕೆ ವೇಲ್ ಶಾರ್ಕ್‌ಗಳನ್ನು ಎಣ್ಣೆಗಾಗಿ ಕೊಲ್ಲುತ್ತಿದ್ದರು. ಅದು ತಿಮಿಂಗಿಲವಲ್ಲ, ಭಾರಿ ಗಾತ್ರದ ಮೀನು. 2001ರಲ್ಲಿ ಅದಕ್ಕೆ ವನ್ಯಜೀವಿ ಕಾಯ್ದೆಯ ಮೊದಲನೇ ಅನುಸೂಚಿಯ ರಕ್ಷಣೆ ಸಿಕ್ಕಿತು. ಆಮೇಲೆ ಕಥಾವಾಚಕ ಮೊರಾರಿ ಬಾಪು ಅದನ್ನು ಹೆರಿಗೆಗೆ ತವರಿಗೆ ಬರುವ ಮಗಳು ಎಂದು ಕರೆದು ಊರೂರಿನಲ್ಲಿ ಹೇಳಿದರು. ಮಾತು ಮನಸ್ಸಿಗೆ ನಾಟಿತು. ಅಷ್ಟಕ್ಕೇ ಬಿಡದೆ, ವೇಲ್ ಶಾರ್ಕ್‌ ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ ಬಲೆಯ ಪರಿಹಾರ ಕೊಡುವ ಏರ್ಪಾಡು ಆಯಿತು. ಕೊಂದು ಮಾರುತ್ತಿದ್ದ ಕೈಗಳೇ ನೂರಾರು ಮೀನುಗಳನ್ನು ಬಿಡಿಸಿ ಕಳಿಸಿವೆ. ಮಹಾರಾಷ್ಟ್ರವೂ ಸಂರಕ್ಷಿತ ಕಡಲಜೀವಿಗಳಿಗಾಗಿ ಇಂಥದೇ ಪರಿಹಾರ ಕೊಡುತ್ತದೆ. ಮರುಕ ಅಲ್ಲಿ ಬಲೆಯ ಬೆಲೆಯನ್ನು ಭರಿಸಿತು, ಅದಕ್ಕೇ ಕೆಲಸ ಮಾಡಿತು.

ಕನ್ನಡದ ಓದುಗರಿಗೆ ತಿಮಿಂಗಿಲ ಸುದ್ದಿಯಾಗುವುದು ಹೆಚ್ಚಾಗಿ ತಿಮಿಂಗಿಲದ ವಾಂತಿ ಎನ್ನಲಾಗುವ ಅಂಬರ್‌ಗ್ರೀಸ್ ಕಳ್ಳಸಾಗಣೆಯ ಬಂಧನಗಳಲ್ಲಿ, ಇಲ್ಲವೇ ಕರಾವಳಿಗೆ ಕೊಳೆತ ಕಳೇಬರ ಬಂದು ಬಿದ್ದಾಗ. ಕಳೇಬರ ಬಂದಾಗ ಅದನ್ನು ಹೂಳಿ ಕೈತೊಳೆದುಕೊಳ್ಳುವುದು ಸಾಲದು. ಸಾವಿಗೆ ಬಲೆ ಕಾರಣವೋ, ಹಡಗೋ, ರೋಗವೋ ಎಂದು ಪರೀಕ್ಷೆಯಾಗಬೇಕು, ಆ ವರದಿ ಜನರ ಕೈಗೆ ಸಿಗಬೇಕು. ಕಾರವಾರದಿಂದ ಉಳ್ಳಾಲದವರೆಗಿನ ಪರ್ಸೀನ್, ಟ್ರಾಲ್, ಗಿಲ್‌ನೆಟ್ ಮೀನುಗಾರರಿಗೆ, ಸಿಕ್ಕ ಡಾಲ್ಫಿನ್ ಇಲ್ಲವೇ ತಿಮಿಂಗಿಲವನ್ನು ಬಿಡಿಸಲು ಬಲೆ ಕತ್ತರಿಸಿದರೆ ಅದರ ಪೂರ್ತಿ ಬೆಲೆ ತಡವಿಲ್ಲದೆ ಸಿಗುತ್ತದೆ, ಕೇಸು ಬೀಳುವುದಿಲ್ಲ ಎಂಬ ಖಾತರಿ ಬೇಕು. ಇಂಥ ಬೇಡಿಕೆಯನ್ನು ಮೀನುಗಾರಿಕೆ ಇಲಾಖೆಯ ಮುಂದೆ, ಶಾಸಕರ ಮುಂದೆ ಇಡಲು ಯಾವ ಮರಿಯೂ ತಬ್ಬಲಿಯಾಗುವವರೆಗೆ ಕಾಯಬೇಕಿಲ್ಲ. ಓದುಗರು ಈಗಲೇ ಕೇಳಲಿ.