ಮಿಷನ್ ಬಂತು, ಎಚ್ಚರ ಬರಲಿಲ್ಲ

ಮಳೆ ಹಿಡಿದು ಎರಡು ವಾರ ಕಳೆದರೆ ಸಾಕು, ಮಂಜೇಶ್ವರದಿಂದ ಅಡೂರಿನ ತನಕ ಅಡಿಕೆ ತೋಟಗಳಲ್ಲಿ ಹುಲ್ಲು ಮೊಣಕಾಲಿಗೆ ಬರುತ್ತದೆ. ಹಿಂದೆ ನಾಲ್ಕೈದು ಆಳುಗಳು ಕತ್ತಿ ಹಿಡಿದು ದಿನಗಟ್ಟಲೆ ಹೆರೆಯುತ್ತಿದ್ದರು. ಈಗ ಆಳು ಸಿಗುವುದಿಲ್ಲ. ಫೋನ್ ಮಾಡಿದರೆ ಹೆಗಲಿಗೆ ಹುಲ್ಲು ಕತ್ತರಿಸುವ ಮಿಷನ್ ಏರಿಸಿಕೊಂಡು ಒಬ್ಬನೇ ಬರುತ್ತಾನೆ, ಸಂಜೆಯೊಳಗೆ ತೋಟ ಬೋಳು. ಸಣ್ಣ ಹಿಡುವಳಿದಾರರಿಗೆ ಈ ಮಿಷನ್ ವರವಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ವಿಷ ಸಿಂಪಡಿಸಿ ಕಳೆ ಸುಡುವುದಕ್ಕಿಂತ ಇದು ಎಷ್ಟೋ ಮೇಲು. ಗೇರು ತೋಟಗಳ ಮೇಲೆ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಿಕೊಂಡ ಜಿಲ್ಲೆಗೆ ಅದನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಗ್ಲೈಫೋಸೇಟ್ ಕಳೆನಾಶಕವನ್ನು ಕೇರಳ ಸರಕಾರ 2019ರಲ್ಲಿ ನಿಷೇಧಿಸಿದ ಮೇಲಂತೂ ಮಿಷನ್ ಇಲ್ಲದೆ ಗತಿಯಿಲ್ಲ. ಆದರೆ ಮಿಷನ್ ಬಂದಷ್ಟು ಬೇಗ ಅದನ್ನು ಬಳಸುವ ಕ್ರಮ ಬರಲಿಲ್ಲ ಎಂಬುದೇ ಕಳವಳದ ವಿಷಯ.

ಎತ್ತಿ ಕಟ್ಟಿದ ಲುಂಗಿ, ಕಾಲಲ್ಲಿ ಹವಾಯಿ ಚಪ್ಪಲಿ, ಕಣ್ಣಿಗೆ ಏನೂ ಇಲ್ಲ. "ಹುಲ್ಲು ಸಿಕ್ಕಿಕೊಳ್ತದೆ" ಎಂದು ಬ್ಲೇಡಿನ ಗಾರ್ಡ್ ಕಳಚಿ ಮೂಲೆಗೆ ಎಸೆದಾಗಿರುತ್ತದೆ. ಇದು ಊರೂರಿನಲ್ಲಿ ಕಾಣುವ ನೋಟ. ಹತ್ತು ಇಂಚಿನ ಬ್ಲೇಡ್ ನಿಮಿಷಕ್ಕೆ 7,000 ಸುತ್ತು ತಿರುಗಿದರೆ ಅದರ ತುದಿಯ ವೇಗ ಗಂಟೆಗೆ 330 ಕಿ.ಮೀ. ದಾಟುತ್ತದೆ. ಇಲ್ಲಿನ ನೆಲವೋ ಮುರಕಲ್ಲಿನದು. ಹುಲ್ಲಿನಡಿ ಕಲ್ಲಿನ ಚೂರು, ಹಳೇ ಬೇಲಿ ತಂತಿ, ಬಾಟ್ಲಿ ಓಡು ಏನೂ ಇರಬಹುದು. ಬ್ಲೇಡಿಗೆ ತಾಗಿದ ಚೂರು ಗುಂಡಿನ ಹಾಗೆ ಹಾರುತ್ತದೆ. ಅದಕ್ಕೆ ಕೆಲಸದವ, ಯಜಮಾನ, ಮಗು ಎಂಬ ಭೇದವಿಲ್ಲ.

ಆದುದರಿಂದ ಮೊದಲ ಕೆಲಸ ಮಿಷನ್ ಚಾಲೂ ಮಾಡುವುದಲ್ಲ, ತೋಟಕ್ಕೆ ಒಂದು ಸುತ್ತು ಬಂದು ಕಲ್ಲು, ತಂತಿ ಹೆಕ್ಕುವುದು. ಸ್ಪ್ರಿಂಕ್ಲರ್ ಪೈಪು ಎಲ್ಲುಂಟು, ಕಣಜದ ಗೂಡು ಎಲ್ಲುಂಟು ಎಂದು ತೋರಿಸಿಕೊಡಬೇಕಾದವನು ತೋಟದ ಯಜಮಾನ. ಕೆಲಸ ನಡೆಯುವಾಗ 15 ಮೀಟರ್ ಒಳಗೆ ಬೇರೆ ಯಾರೂ ಇರಬಾರದು. ಅಂದರೆ ಐದಾರು ಸಾಲು ಅಡಿಕೆ ಮರದಷ್ಟು ದೂರ. ಹುಲ್ಲು ರಾಶಿ ಮಾಡುವವರು ಹಿಂದೆಯೇ ಬರುವುದು, ಚಹಾ ಕೊಡಲು ಬೆನ್ನ ಹಿಂದಿನಿಂದ ಹೋಗಿ ಹೆಗಲು ಮುಟ್ಟುವುದು ಎರಡೂ ತಪ್ಪು. ದೂರದಲ್ಲಿ ಎದುರು ನಿಂತು ಕೈ ಎತ್ತಬೇಕು, ಇಂಜಿನ್ ನಿಂತ ಮೇಲೆಯೇ ಹತ್ತಿರ ಹೋಗಬೇಕು.

ಹೆಚ್ಚಿನ ಮಿಷನ್‌ಗಳಲ್ಲಿ ಬ್ಲೇಡ್ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗುತ್ತದೆ. ಬ್ಲೇಡನ್ನೇ ಗಡಿಯಾರ ಎಂದುಕೊಂಡರೆ 12ರಿಂದ 3ರ ತನಕದ ಭಾಗ ಅಪಾಯಕಾರಿ. ಆ ಭಾಗ ಬುಡಕ್ಕೋ ಕಲ್ಲಿಗೋ ತಾಗಿದರೆ ಮಿಷನ್ ಫಕ್ಕನೆ ಬಲಕ್ಕೆ ಒದೆಯುತ್ತದೆ, ಹಿಡಿತ ತಪ್ಪುತ್ತದೆ. ಬಲದಿಂದ ಎಡಕ್ಕೆ ಬೀಸುತ್ತಾ ಬ್ಲೇಡಿನ ಎಡಭಾಗದಲ್ಲಿ ಕತ್ತರಿಸುವುದು ಕ್ರಮ. ಮರದ ಬುಡ, ಕಲ್ಲಿನ ಕಟ್ಟೆ, ಗೋಡೆಯ ಬದಿಗೆ ಬ್ಲೇಡ್ ಬಿಟ್ಟು ನೈಲಾನ್ ಹಗ್ಗ ಹಾಕಬೇಕು. ಅದರಿಂದಲೂ ಚೂರು ಹಾರುವುದರಿಂದ ಕನ್ನಡಕ ತೆಗೆಯುವ ಹಾಗಿಲ್ಲ. ಬಿರುಕು ಬಿಟ್ಟ ಬ್ಲೇಡಿಗೆ ವೆಲ್ಡಿಂಗ್ ಮಾಡಿಸುವುದು ಉಳಿತಾಯವಲ್ಲ, ಹುಚ್ಚು ಸಾಹಸ. ಬ್ಲೇಡಿನ ಜಾಗಕ್ಕೆ ಕಬ್ಬಿಣದ ಸರಪಳಿ ಜೋಡಿಸುವುದು ಇನ್ನೂ ಅಪಾಯ. ಬ್ರಿಟನ್‌ನಲ್ಲಿ 2010ರಲ್ಲಿ ಇಂಥ ಸರಪಳಿಯ ಕೊಂಡಿ ಹಾರಿ ಒಬ್ಬರ ಜೀವ ಹೋಯಿತು. 2012ರಲ್ಲಿ ಯುರೋಪಿಯನ್ ಒಕ್ಕೂಟ ಅದನ್ನು ನಿಷೇಧಿಸಿತು.

"ಗಂಟೆ ಲೆಕ್ಕದ ಸಂಬಳ, ಬೂಟು ಕನ್ನಡಕ ಎಲ್ಲ ಹಾಕ್ತಾ ಕೂತರೆ ಆಗ್ತದಾ?" ಎಂದು ಕೇಳುವವರಿದ್ದಾರೆ. ಕಣ್ಣಿಗೆ ಚೂರು ಹೊಕ್ಕರೆ, ಕಾಲಿನ ನರ ತುಂಡಾದರೆ ಮುಳ್ಳೇರಿಯ, ಬದಿಯಡ್ಕ ಕಡೆಯವರು ಇಂದಿಗೂ ಮಂಗಳೂರಿನ ದಾರಿ ನೋಡುತ್ತಾರೆ. ಆ ದಾರಿ ಎಷ್ಟು ದೂರ ಎಂಬುದು 2020ರ ಮಾರ್ಚ್‌ನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಎಲ್ಲರಿಗೂ ಗೊತ್ತಾಗಿದೆ. ರಕ್ತ ಹರಿಯುವ ಗಾಯಕ್ಕೆ ಶುದ್ಧ ಬಟ್ಟೆ ಒತ್ತಿ ಹಿಡಿಯುವುದು, ಕಣ್ಣಿಗೆ ಹೊಕ್ಕಿದ್ದನ್ನು ಉಜ್ಜದೆ, ಕೀಳದೆ ವೈದ್ಯರಲ್ಲಿಗೆ ಒಯ್ಯುವುದು ಮನೆಮಂದಿಗೆಲ್ಲ ತಿಳಿದಿರಲೇಬೇಕು.

ಮಿಷನ್ ಕೊಳ್ಳಲು ಸಬ್ಸಿಡಿ ಉಂಟು, ಒಳ್ಳೆಯದೇ. ಅದರ ಜೊತೆಗೆ ಬಳಸುವ ಕ್ರಮವನ್ನೂ ಕಲಿಸಬೇಕು. ಗಡಿಭಾಗದ ಎಷ್ಟೋ ಮಂದಿಗೆ ಇಂಗ್ಲಿಷ್ ಕೈಪಿಡಿ ಓದಲು ಬಾರದು, ಮಲಯಾಳಂ ಮಾತು ಅರ್ಥವಾದರೂ ಅಕ್ಷರ ಗೊತ್ತಿಲ್ಲ. ಮಳೆಗಾಲಕ್ಕೆ ಮೊದಲು ಕೃಷಿಭವನಗಳು, ಪಂಚಾಯತುಗಳು ವಾರ್ಡಿಗೊಂದರಂತೆ ಕನ್ನಡದಲ್ಲೇ ಪ್ರಾತ್ಯಕ್ಷಿಕೆ ನಡೆಸಿದರೆ ಅರ್ಧ ದಿನದ ಕೆಲಸ. ಒಂದು ಪುಟದ ಕನ್ನಡ ಸೂಚನೆ ಮುದ್ರಿಸಲು ದೊಡ್ಡ ಖರ್ಚೇನೂ ಇಲ್ಲ.

ಅಷ್ಟರ ತನಕ ಹೊಣೆ ತೋಟದ ಯಜಮಾನನದ್ದು. ಬೂಟು, ಮುಖಕ್ಕೆ ಶೀಲ್ಡ್, ಕಿವಿಗೆ ಮುಚ್ಚಳ ಒಂದು ಜೊತೆ ಮನೆಯಲ್ಲೇ ತಂದಿಟ್ಟರೆ ಹತ್ತು ವರ್ಷ ಬರುವ ಕೆಲಸದವರಿಗೆಲ್ಲ ಆದೀತು. ಗಾರ್ಡ್ ಇಲ್ಲದ ಮಿಷನ್ ಅಂಗಳಕ್ಕೆ ಬಂದರೆ "ಇವತ್ತು ಬೇಡ, ಗಾರ್ಡ್ ಹಾಕಿಸಿಕೊಂಡು ನಾಳೆ ಬಾ" ಎನ್ನುವ ಧೈರ್ಯ ಬೇಕು. ಹುಲ್ಲು ಒಂದು ದಿನ ಹೆಚ್ಚು ಬೆಳೆದರೆ ತೋಟಕ್ಕೆ ನಷ್ಟವಿಲ್ಲ. ಹೋದ ಕಣ್ಣು ಮಾತ್ರ ಮರುವರ್ಷದ ಮಳೆಗೆ ಚಿಗುರುವುದಿಲ್ಲ.