ನಮ್ಮ ಕೇರಿಗೆ ಬಂದ ‘ಅಭಿನಂದನೆ’ ಪತ್ರ



ಮೊನ್ನೆ ರಾತ್ರಿ ನಮ್ಮ ಕೇರಿಯ ಅಣ್ಣನೊಬ್ಬ ಮಗಳನ್ನು ಕರ್ಕೊಂಡು ಮನೆಗೆ ಬಂದ. ಗಾರೆ ಕೆಲಸದವನು. ಕೈಯಲ್ಲಿ ಮಿಂಚೋ ಕವರ್ ಒಂದು. ಕೊಳೆಯಾಗದಿರಲಿ ಅಂತ ಅದನ್ನ ಪ್ಲಾಸ್ಟಿಕ್ ಚೀಲದೊಳಗೆ ಇಟ್ಕೊಂಡಿದ್ದ. “ನೋಡಪ್ಪ, ಪಾಪುಗೆ ಇಂಜಿನಿಯರಿಂಗ್ ಸೀಟು ಸಿಕ್ಕೈತೆ. ಬೆಂಗಳೂರಿಂದ ಅವ್ರೇ ಕರ್ದವ್ರೆ” ಅಂದ.

ಓದಿದೆ. ಒಂದು ಖಾಸಗಿ ಕಾಲೇಜಿನ ಪತ್ರ. ಮೇಲೆ ಹುಡುಗಿಯ ಹೆಸರು ಇನಿಷಿಯಲ್ ಸಮೇತ. ಅಭಿನಂದನೆ, ನೀವು ಆಯ್ಕೆಯಾಗಿದ್ದೀರಿ, ನಿಮ್ಮ ಪ್ರತಿಭೆಗೆ ಶೇ. 25 ಸ್ಕಾಲರ್‌ಶಿಪ್, ಹತ್ತು ದಿನದೊಳಗೆ 25 ಸಾವಿರ ಕಟ್ಟಿ ಸೀಟು ಉಳಿಸಿಕೊಳ್ಳಿ. ಸಿಇಟಿ ರಿಸಲ್ಟೇ ಇನ್ನೂ ಬಂದಿಲ್ಲ, ಆ ಕಾಲೇಜಿಗೆ ಇವಳು ಅರ್ಜಿಯನ್ನೇ ಹಾಕಿಲ್ಲ. ಆಯ್ಕೆ ಮಾಡಿದವರು ಯಾರು? ಫೆಬ್ರವರಿಯಲ್ಲಿ ಪಿಯು ಕಾಲೇಜಿಗೆ ಯಾರೋ ‘ಕರಿಯರ್ ಗೈಡೆನ್ಸ್’ ಅಂತ ಬಂದು, ಒಂದೊಂದು ಪೆನ್ನು ಕೊಟ್ಟು, ಹೆಸರು, ವಿಳಾಸ, ಅಪ್ಪನ ಮೊಬೈಲ್ ನಂಬರ್ ಬರೆಸಿಕೊಂಡು ಹೋಗಿದ್ರಂತೆ. 18 ತುಂಬದ ಮಕ್ಕಳ ಮಾಹಿತಿ ಬಳಸೋಕೆ ಹೆತ್ತವರ ಒಪ್ಪಿಗೆ ಬೇಕು ಅಂತ 2023ರ ದತ್ತಾಂಶ ರಕ್ಷಣಾ ಕಾಯ್ದೆ ಹೇಳುತ್ತೆ. ಇಲ್ಲಿ ಒಂದು ಪೆನ್ನಿಗೆ ಮುಗೀತು.

ಇನ್ನು ಆ ‘ಸ್ಕಾಲರ್‌ಶಿಪ್’. ಫೀಸು ಇಟ್ಟವರೂ ಅವರೇ, ಕಡಿಮೆ ಮಾಡಿದವರೂ ಅವರೇ. 1913ರಲ್ಲಿ ಬರೋಡಾ ಮಹಾರಾಜರು ಬಾಬಾಸಾಹೇಬರನ್ನ ಕೊಲಂಬಿಯಾಗೆ ಕಳಿಸಿದ್ರಲ್ಲ, ಅದು ವಿದ್ಯಾರ್ಥಿವೇತನ. ಇದು ಸೀರೆ ಅಂಗಡಿಯ ಆಷಾಢದ ರಿಯಾಯಿತಿ.

ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. “ಕ್ಯಾಟಗರಿ ಯಾವ್ದು ಸರ್?” ಅಂದ ಹುಡುಗ. ಎಸ್ಸಿ ಅಂದೆ. “ಹಾಗಾದ್ರೆ ಗೌರ್ಮೆಂಟ್ ಸ್ಕಾಲರ್‌ಶಿಪ್ಪೂ ಬರುತ್ತೆ, ಟೆನ್ಷನ್ ಬೇಡ” ಅಂದ. ಬರಲ್ಲ ಗೆಳೆಯರೇ. ಕೆಇಎ ಕೌನ್ಸೆಲಿಂಗ್‌ನಲ್ಲಿ ಸೀಟು ತಗೊಂಡು, ಮನೆಯ ವರ್ಷದ ಆದಾಯ 2.5 ಲಕ್ಷದೊಳಗಿದ್ರೆ ಪೋಸ್ಟ್ ಮೆಟ್ರಿಕ್‌ನಲ್ಲಿ ಶುಲ್ಕ ಸಿಗುತ್ತೆ. ಮ್ಯಾನೇಜ್‌ಮೆಂಟ್ ಸೀಟಿಗೆ ಅದು ಅನ್ವಯಿಸಲ್ಲ. ಈ ಒಂದು ಸಾಲು ಆ ಮಿಂಚೋ ಕಾಗದದಲ್ಲಿ ಎಲ್ಲೂ ಇಲ್ಲ. ಪಾಪ, ಆ ಹುಡುಗನಿಗೂ ದಿನಕ್ಕಿಷ್ಟು ಸೀಟು ಅಂತ ಟಾರ್ಗೆಟ್ ಇರುತ್ತೆ, ಬಯ್ಯೋಕೆ ಮನಸ್ಸಾಗಲಿಲ್ಲ.

ಓದಿದವರ ಮನೇಲಿ ಇಂಥ ಕವರ್ ಸೀದಾ ಕಸದ ಬುಟ್ಟಿಗೆ ಹೋಗುತ್ತೆ. ಇದೇನು ಅಂತ ಹೇಳೋಕೆ ಮಾವನೋ ಚಿಕ್ಕಮ್ಮನೋ ಇರ್ತಾರೆ. ನಮ್ಮ ಮನೆಗಳಿಗೆ ಹೆಸರು ಹಾಕಿ ಬರೋದು ಬ್ಯಾಂಕ್ ನೋಟಿಸು, ಕೋರ್ಟ್ ಸಮನ್ಸು. ನಮ್ಮ ಮಗುವನ್ನ ‘ಪ್ರತಿಭಾವಂತೆ’ ಅಂತ ಕರೆದ ಮೊದಲ ಕಾಗದ ಇದು. ಆ ಹಸಿವು ಅವರಿಗೆ ಚೆನ್ನಾಗಿ ಗೊತ್ತು.

ಆದರೆ ಮೀಸಲಾತಿ ಕೇಳಿ ನೋಡಿ, ಇದೇ ಪ್ರತಿಭೆ ಮಾಯವಾಗುತ್ತೆ. ಖಾಸಗಿ ಅನುದಾನರಹಿತ ಕಾಲೇಜುಗಳ ಮೇಲೆ ಸರ್ಕಾರ ಮೀಸಲಾತಿ ಹೇರುವಂತಿಲ್ಲ ಅಂತ 2005ರಲ್ಲಿ ಸುಪ್ರೀಂ ಕೋರ್ಟ್ ಇನಾಂದಾರ್ ಪ್ರಕರಣದಲ್ಲಿ ಹೇಳಿತು. ಅದಕ್ಕೇ 93ನೇ ತಿದ್ದುಪಡಿ, 15(5)ನೇ ವಿಧಿ ಬಂತು. 2014ರಲ್ಲಿ ಕೋರ್ಟೂ ಅದನ್ನ ಎತ್ತಿ ಹಿಡಿಯಿತು. ಖಾಸಗಿಯವರ ಮೇಲೆ ಅದನ್ನ ಜಾರಿ ಮಾಡೋ ಕೇಂದ್ರ ಕಾಯ್ದೆ ಮಾತ್ರ ಬರಲಿಲ್ಲ. ಹಕ್ಕಾಗಿ ಕೇಳಿದ್ರೆ ಮೆರಿಟ್ ಕೆಡುತ್ತೆ, ಸಾಲ ಮಾಡಿ ಬಂದ್ರೆ ಅಭಿನಂದನೆ!

ಅವರನ್ನಷ್ಟೇ ಬಯ್ದು ಸುಮ್ಮನಾಗಲ್ಲ. ಕೆಇಎ ಸೀಟಿನ ಬಗ್ಗೆ ಆ ಹುಡುಗಿಗೆ ಒಂದು ಕಾಗದ ಸಮಾಜ ಕಲ್ಯಾಣ ಇಲಾಖೆಯಿಂದ ಬಂದಿತ್ತಾ? ಇಲ್ಲ. ನಾವು? ಏಪ್ರಿಲ್ 14ಕ್ಕೆ ಊರ ತುಂಬ ಫ್ಲೆಕ್ಸ್ ಕಟ್ಟಿದ್ವಿ. ಪಕ್ಕದ ಮನೆಯ ಮಗು ಸಿಇಟಿ ಬರೆದಿದ್ದು ನನಗೇ ಗೊತ್ತಿರಲಿಲ್ಲ.

ಅಷ್ಟೂ ಹೊತ್ತು ಬಾಗಿಲ ಹತ್ರ ನಿಂತಿದ್ದ ಹುಡುಗಿ ಕೇಳಿದ್ಲು, “ಹಂಗಾದ್ರೆ ನಾನು ಆಯ್ಕೆ ಆಗಿಲ್ವಾ ಚಿಕ್ಕಪ್ಪ?” ಏನು ಹೇಳಲಿ. ಆ 25 ಸಾವಿರಕ್ಕೆ ಅವಳಮ್ಮ ಆಗಲೇ ಸಂಘದಲ್ಲಿ ಸಾಲ ಕೇಳಿದ್ರು. ಸದ್ಯ, ದುಡ್ಡು ಕೈಗೆ ಬಂದಿರಲಿಲ್ಲ.

ಇಂಥ ಪತ್ರ ನಿಮ್ಮ ಕೇರಿಗೂ ಬಂದಿದ್ರೆ ದುಡ್ಡು ಕಟ್ಟೋಕೆ ಮುಂಚೆ ಫೋಟೋ ತೆಗೆದು ನನಗೆ ಕಳ್ಸಿ. ಆಗಲೇ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಕೊಟ್ಟಿದ್ರೆ ಹೆದರಬೇಡಿ, ಅದನ್ನ ಇಟ್ಟುಕೊಳ್ಳೋ ಹಾಗಿಲ್ಲ ಅಂತ 2018ರ ಯುಜಿಸಿ ಅಧಿಸೂಚನೆ ಇದೆ, ಹೋಗಿ ಕೇಳೋಣ. ಭಾನುವಾರ ಬೆಳಗ್ಗೆ ಹತ್ತಕ್ಕೆ ಅಂಬೇಡ್ಕರ್ ಭವನದಲ್ಲಿ ಕೂತಿರ್ತೀವಿ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ತನ್ನಿ. ಲ್ಯಾಪ್‌ಟಾಪ್ ಇರೋ ಇಬ್ಬರು ಬೇಕು, ಯಾರು ಬರ್ತೀರಿ?